ಚಿಕ್ಕಪ್ಪನ ಪಕ್ಕದ ಕುರ್ಚಿ

ನಮ್ಮ ಚಿಕ್ಕಪ್ಪನ ಮನೆಗೆ ಊಟಕ್ಕೆ ಹೋಗುವವರಿಗೆ ಗುಂಡಿಗೆ ಗಟ್ಟಿಯಿರಬೇಕು! ಚಿಕ್ಕಮ್ಮನ ಅಡುಗೆಗಲ್ಲ, ಪಕ್ಕದಲ್ಲಿ ಯಾರು ಕೂತು ಉಣ್ಣುತ್ತಾರೋ ಹೇಳಲಾಗದು, ಅದಕ್ಕೆ.

ಚಿಕ್ಕಪ್ಪ ಅಮೆರಿಕದ ಹ್ಯೂಸ್ಟನ್ನಿನಲ್ಲಿ ವಕೀಲರು. ತಮ್ಮ ದೇಶದಲ್ಲಿ ಜೀವಕ್ಕೆ ಅಪಾಯವಿದೆಯೆಂದು ಓಡಿ ಬಂದು ಇಲ್ಲಿ ಆಶ್ರಯ ಕೇಳುವವರ ಕೇಸು ನಡೆಸುವುದೇ ಅವರ ಕಸುಬು. ಅವರು ಅದರ ಪಕ್ಕದ ಫುಲ್‌ಶೀರ್‌ನಲ್ಲಿ ಹೊಸ ಮನೆ ಮಾಡಿದಾಗ ನಾನು ಡಲ್ಲಾಸ್ ಬಳಿಯ ಲಿಟಲ್ ಎಲ್ಮ್‌ನಿಂದ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಇದ್ದವರು ನಾವು ಮೂವರು, ಮೇಜಿನ ಮೇಲೆ ನಾಲ್ಕು ತಟ್ಟೆ. ಫ್ಯಾನಿನ ಕೆಳಗಿದೆಯಲ್ಲ ಎಂದು ನಾಲ್ಕನೆಯದರ ಮುಂದೆ ಕೂರಲು ಹೋದೆ. ಕೋರ್ಟಿನಲ್ಲೂ ದನಿ ಏರಿಸದ ಚಿಕ್ಕಪ್ಪ ಗದರಿಬಿಟ್ಟರು. ಆಮೇಲೆ ಆ ಖಾಲಿ ಕುರ್ಚಿಯನ್ನು ತಾವೇ ಹಿಂದಕ್ಕೆಳೆದು, ಯಾರೋ ಕೂರುವಷ್ಟು ಹೊತ್ತು ಕಾದು, ಮೆಲ್ಲಗೆ ಒಳಕ್ಕೆ ತಳ್ಳಿದರು.

ಚಿಕ್ಕಮ್ಮ ಆ ತಟ್ಟೆಗೆ ಬೇರೆ ಪಾತ್ರೆಯಿಂದ ಸಪ್ಪೆ ಸಾರು ಬಡಿಸಿದರು. ಹೊಟ್ಟೆಯಲ್ಲಿ ಅಲ್ಸರ್ ಇಟ್ಟುಕೊಂಡು, ಕಣ್ಣಿಗೆ ಕಾಣುವಂತೆ ಕೂತಿದ್ದ ನನಗೆ ಮಾತ್ರ ಬೆಂಕಿಯಂಥ ಸಾರು! ಇದ್ಯಾವ ನ್ಯಾಯ ಸ್ವಾಮಿ?

"ಅವನಿಗೆ ಖಾರ ಆಗಲ್ಲ," ಎಂದರು ಚಿಕ್ಕಪ್ಪ.

ತೀರಿಕೊಂಡ ಹಿರಿಯರಿಗೆ ಇಟ್ಟ ಎಡೆ ಇರಬೇಕೆಂದು ನಾನು ಭಕ್ತಿಯಿಂದ ಎದ್ದು ತಟ್ಟೆಗೆ ಕೈಮುಗಿದೆ. ಕಾಗೆ ಸಿಗುತ್ತದೇನೋ ಎಂದು ಕಿಟಕಿಯಾಚೆಗೂ ಇಣುಕಿದೆ! ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು.

"ಎಡೆ ಅಲ್ವೋ ಅದು, ಊಟ. ಅವನು ಸತ್ತಿದಾನೆ ಅಂತ ನಿನಗೆ ಯಾರು ಹೇಳಿದ್ರು?"

ಅಡುಗೆಮನೆಯಲ್ಲಿ ಚಿಕ್ಕಮ್ಮ ವಿಷಯ ಬಿಡಿಸಿ ಹೇಳಿದರು. ಅವನೊಬ್ಬ ಮೇಷ್ಟ್ರು, ಚಿಕ್ಕಪ್ಪನ ಕಕ್ಷಿದಾರ. ಗೆದ್ದ ದಿನ ಮೊದಲ ಊಟ ನಮ್ಮ ಮನೆಯಲ್ಲೇ ಎಂದು ಚಿಕ್ಕಪ್ಪ, ತೀರ್ಪು ಬರುವ ತನಕ ಅವನನ್ನು ಇಟ್ಟಿದ್ದ ಜೈಲಿನ ಗಾಜಿನಾಚೆಯಿಂದ ಮಾತು ಕೊಟ್ಟಿದ್ದರಂತೆ. ತನಗೆ ಖಾರ ಆಗದು ಎಂದು ಅವನು ನಾಚಿಕೊಂಡು ಹೇಳಿದ್ದನಂತೆ. ಕೇಸು ಸೋತಿತು. ಅವನನ್ನು ವಿಮಾನ ಹತ್ತಿಸಿ ವಾಪಸು ಕಳಿಸಿದರು. ಆಮೇಲೆ ಸುದ್ದಿಯೇ ಇಲ್ಲ.

"ಅವನಿಗಿಟ್ಟ ಲೋಟದ ನೀರು ದಿನಾ ಒಂದು ಗುಟುಕು ಕಮ್ಮಿ ಆಗಿರತ್ತೆ ಕಣೋ. ಎ.ಸಿ.ಗೆ ಆರತ್ತೆ ಅಂತ ನಾನು ಅಂದ್ಕೋತೀನಿ. ಇವರು ಏನೂ ಅನ್ನಲ್ಲ."

ಕೆಲವು ತಿಂಗಳ ಮೇಲೆ ವಕೀಲರ ಸಂಘದವರು ಈ ವಿಭಾಗದಲ್ಲಿ ಶ್ರೇಷ್ಠ ವಕೀಲರೆಂದು ಚಿಕ್ಕಪ್ಪನನ್ನೇ ಆರಿಸಿ, ಡಲ್ಲಾಸ್‌ನಲ್ಲಿ ಸನ್ಮಾನದ ಔತಣ ಇಟ್ಟುಕೊಂಡರು. ಅವನನ್ನು ಉಳಿಸಿಕೊಳ್ಳಲಾಗದ ತಮಗೆ ಸನ್ಮಾನ ಬೇರೆ ಕೇಡು ಎಂದು ಚಿಕ್ಕಪ್ಪ ಹಟ ಹಿಡಿದರು. ಚಿಕ್ಕಮ್ಮ ಅತ್ತ ಮೇಲೆ ಚಿಕ್ಕಪ್ಪ ಒಪ್ಪಿದರು, ಒಂದೇ ಷರತ್ತಿನ ಮೇಲೆ: ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಬಿಡಬೇಕು.

ನನ್ನೂರಿಗೆ ಹತ್ತಿರವೆಂದು ನಾನೂ ಹೋದೆ. ಹೋಟೆಲಿನ ಹಾಲ್‌ನಲ್ಲೂ ಅದೇ ಶಾಸ್ತ್ರ. ಎಳೆದರು, ಕಾದರು, ತಳ್ಳಿದರು. ಸೂಟುಬೂಟಿನ ವಕೀಲರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು! ಹೆಸರು ಕರೆದಾಗ ಚಿಕ್ಕಪ್ಪ ಏಳಲೇ ಇಲ್ಲ. ಚಪ್ಪಾಳೆ ನಿಲ್ಲುವ ಹೊತ್ತಿಗೆ ನನ್ನ ಕಿವಿಯ ಬಳಿ ಬಾಗಿದರು.

"ನಾನು ಬರೋ ತನಕ ಇವನನ್ನ ನೋಡ್ಕೊ."

ಚಿಕ್ಕಮ್ಮ ಕ್ಯಾಮೆರಾ ಹಿಡಿದು ವೇದಿಕೆಯತ್ತ ಓಡಿದರು. ಉಳಿದದ್ದು ನಾನು ಮತ್ತು ಕುರ್ಚಿ. ಪಕ್ಕದ ಲೋಟದಲ್ಲಿ ಐಸ್ ತಾನಾಗಿ ಕಿಣ್ಣೆಂದಿತು. ಕರಗುವಾಗ ಹಾಗಾಗುತ್ತದೆ, ಗೊತ್ತು. ಆದರೂ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಆಗಲೇ ತಡವಾಗಿ ಬಂದ ವಕೀಲರೊಬ್ಬರು ಆ ಕುರ್ಚಿಯ ಮೇಲೆ ಕೈಯಿಟ್ಟು, ಇದು ಖಾಲಿಯೇ ಎಂದು ಕೇಳಿದರು. ಹೌದು ಅನ್ನಲು ಬಾಯಿ ತೆರೆದೆ. ವೇದಿಕೆಯ ಮೇಲೆ ಚಿಕ್ಕಪ್ಪ ಫಲಕ ಹಿಡಿದು, ಕ್ಯಾಮೆರಾ ಬಿಟ್ಟು ಇತ್ತಲೇ ನೋಡುತ್ತಿದ್ದರು.

ಇಲ್ಲ, ಇವರಿದ್ದಾರೆ ಎಂದೆ.

ಊಟ ತಂದವನು ಎಲ್ಲರ ತಟ್ಟೆಯ ಪಕ್ಕದಲ್ಲೂ ಕೆಂಪು ಚಟ್ನಿಯ ಬಟ್ಟಲು ಇಡುತ್ತ ಬಂದ. ಕುರ್ಚಿಯ ಮುಂದೆ ಇಟ್ಟ ಬಟ್ಟಲನ್ನು ನಾನು ನನ್ನ ಕಡೆಗೆ ಎಳೆದುಕೊಂಡೆ.

"ಇವರಿಗೆ ಖಾರ ಆಗಲ್ಲ."