ಎಂಟರಿಂದ ಭಾಗಿಸುವ ಮೇಜುಗಳ ಕುರಿತು

ಇಲಾಖೆಯ ಪ್ರಧಾನ ಕಚೇರಿ, ಎರಡನೇ ಮಹಡಿ
ಸುತ್ತೋಲೆ ಸಂಖ್ಯೆ: ವೇಗ/ಪರಿವರ್ತನೆ/೬೪/೮/೧ (ತಿದ್ದುಪಡಿಯ ತಿದ್ದುಪಡಿ)

ವಿಷಯ: ದತ್ತಾಂಶ ರವಾನೆಯ ವೇಗವನ್ನು ಮೆಗಾಬಿಟ್‌ನಿಂದ ಮೆಗಾಬೈಟ್‌ಗೆ ಪರಿವರ್ತಿಸುವಾಗ ಸಿಬ್ಬಂದಿ ವಹಿಸಬೇಕಾದ ಎಚ್ಚರ, ಹಾಗೂ ರವಾನೆ ವಿಭಾಗದ ಗುಮಾಸ್ತೆ ತಮ್ಮ ಮಗಳ ಬಾಣಂತನಕ್ಕೆ ಕೋರಿದ ರಜೆ.

ಉಲ್ಲೇಖ: (೧) ಇದೇ ಕಚೇರಿಯ ಹಿಂದಿನ ಸುತ್ತೋಲೆ (ಕಳೆದುಹೋಗಿದೆ, ಅದನ್ನು ಹುಡುಕಲು ಹೊರಡಿಸಿದ ಸುತ್ತೋಲೆ ಸಿಕ್ಕಿದೆ).
(೨) ಸದರಿ ಗುಮಾಸ್ತೆಯ ಅರ್ಜಿ, ಮೊಹರುಗಳ ನಡುವೆ ಓದಲು ಸಿಕ್ಕಷ್ಟು.

ಎಲ್ಲ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ:

೧. ಕಚೇರಿಗೆ ಹೊಸ ಇಂಟರ್ನೆಟ್ ತಂತಿ ಬಂದಾಗ ಅದರ ವೇಗ ಸೆಕೆಂಡಿಗೆ ಎಂಬತ್ತು ಎಂದು ಕಾಗದದಲ್ಲಿತ್ತು. ಪರದೆಯ ಮೇಲೆ ಹತ್ತು ಎಂದು ಬಂತು. ಉಳಿದ ಎಪ್ಪತ್ತು ಎಲ್ಲಿ ಹೋಯಿತೆಂದು ನಿರ್ದೇಶಕರು ಕೇಳಿದ್ದರಿಂದ, ಈ ಸುತ್ತೋಲೆಗೆ ಸಹಿ ಮಾಡುವ ಅಧೀಕ್ಷಕರೇ ಖುದ್ದಾಗಿ ಕೇಬಲ್‌ನವನ ಚೀಲವನ್ನು ಬಾಗಿಲಲ್ಲಿ ತಪಾಸಣೆ ಮಾಡಿದರು. ಚೀಲದಲ್ಲಿ ಇಕ್ಕಳ, ಸುರುಳಿ ಸುತ್ತಿದ ತಂತಿ ಮತ್ತು ಊಟದ ಡಬ್ಬಿ ಇದ್ದವು. ಡಬ್ಬಿಯನ್ನು ತೆರೆದು ನೋಡಲಾಗಿ ಅದರಲ್ಲೂ ವೇಗ ಕಂಡುಬರಲಿಲ್ಲ.

೨. ಆಗ ರವಾನೆ ವಿಭಾಗದ ಗುಮಾಸ್ತೆ (ಕಚೇರಿಗೆಲ್ಲ ಆಕೆ 'ರವಾನೆ ಅಕ್ಕ') ತಮ್ಮ ಕುರ್ಚಿಯಿಂದೆದ್ದು ಬಂದು ನೀಡಿದ ಹೇಳಿಕೆಯನ್ನು ಇದ್ದದ್ದು ಇದ್ದಹಾಗೆ ದಾಖಲಿಸಲಾಗಿದೆ: "ಅಯ್ಯೋ, ಆ ಪಾಪದವನನ್ನ ಯಾಕೆ ಗೋಳು ಹುಯ್ಕೋತೀರಿ? ಕಾಗದದಲ್ಲಿರೋದು ಮೆಗಾಬಿಟ್ಟು, ಪರದೆ ಮೇಲಿರೋದು ಮೆಗಾಬೈಟು. ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ಎಂಬತ್ತನ್ನ ಎಂಟರಿಂದ ಭಾಗಿಸಿ, ಹತ್ತೇ ಬರೋದು. ಯಾರೂ ಏನೂ ಕದ್ದಿಲ್ಲ." ಕೇಬಲ್‌ನವನನ್ನು ಬಿಡಲಾಯಿತು. ಅಕ್ಕನ ಲೆಕ್ಕವನ್ನು ಇಲಾಖೆಯ ನೀತಿಯೆಂದು ಅಂಗೀಕರಿಸಲಾಯಿತು. ಕೆಟ್ಟದ್ದು ಇಲ್ಲಿಂದ.

೩. ಒಂದು ಮೇಜಿನ ಲೆಕ್ಕವನ್ನು ಪಕ್ಕದ ಮೇಜು ನಂಬುವ ಪದ್ಧತಿ ಈ ಕಚೇರಿಯಲ್ಲಿ ಹಿಂದೆಯೂ ಇರಲಿಲ್ಲ, ಈಗಲೂ ಇರುವುದಿಲ್ಲ. ಆದಕಾರಣ ಸ್ವೀಕೃತಿ ಮೇಜು, ಪರಿಶೀಲನಾ ಮೇಜು, ಮರುಪರಿಶೀಲನಾ ಮೇಜು, ಈ ಮೂರೂ ತಮ್ಮ ಮುಂದೆ ಬಂದ ಅಂಕಿಯನ್ನು ಹೊಸದಾಗಿ ಎಂಟರಿಂದ ಭಾಗಿಸಿ 'ಪರಿವರ್ತಿಸಲಾಗಿದೆ' ಎಂಬ ಮೊಹರು ಒತ್ತಿದವು. ಎಂಬತ್ತು ಹತ್ತಾಗಿ, ಹತ್ತು ಒಂದೂಕಾಲಾಗಿ, ಒಂದೂಕಾಲು ಸೊನ್ನೆ ದಶಮಾಂಶ ಒಂದು ಐದು ಆರಾಗಿ ನಿರ್ದೇಶಕರ ಮುಂದೆ ಬಂತು. ತಂತಿ ಕೊನೆಯುಸಿರೆಳೆದಿದೆ ಎಂದು ಘೋಷಿಸಿ, ಸಿಬ್ಬಂದಿಯೆಲ್ಲ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಲಾಯಿತು. ಸದರಿ ಎರಡು ನಿಮಿಷಗಳಲ್ಲಿ ಮೃತ ತಂತಿಯ ಮೂಲಕ ಸಾವಿರದ ಇನ್ನೂರು ಮೆಗಾಬೈಟ್ ಕಡತಗಳು ಬಂದಿಳಿದವು. ಮೌನಕ್ಕೆ ಭಂಗ ಬರಬಾರದೆಂದು ಯಾರೂ ಬಾಯಿ ಬಿಡಲಿಲ್ಲ.

೪. ತರುವಾಯ, ಅಂಕಿ ಇರುವ ಯಾವುದೇ ಕಾಗದವನ್ನು ವೇಗ ಪರಿವರ್ತನೆಗೆಂದು ಅಚ್ಚುಹಾಕಿಸಿದ ನಮೂನೆಯಲ್ಲೇ ಸಲ್ಲಿಸಿ, ಮೂರೂ ಮೇಜುಗಳನ್ನು ದಾಟಿಸಬೇಕೆಂದು ಆದೇಶಿಸಲಾಯಿತು. ನಮೂನೆಯ ಏಕಮಾನದ ಕಾಲಂನಲ್ಲಿ ಎರಡೇ ಚೌಕಗಳಿವೆ: ಬಿಟ್, ಬೈಟ್. ಹದಿನಾರು ಕುರ್ಚಿ ಕೇಳಿದ ಶಾಖೆಗೆ ಒಂದು ಕುರ್ಚಿಯ ಮೂವತ್ತೆರಡರಲ್ಲಿ ಒಂದು ಭಾಗ ಮಂಜೂರಾಗಿ, ಕುರ್ಚಿ ಕಾಲಿನ ರಬ್ಬರ್ ಬಿಲ್ಲೆಯೊಂದನ್ನು ಸಹಿ ಪಡೆದು ವಿತರಿಸಲಾಗಿದೆ. ಸದರಿ ಶಾಖೆಯವರು ಅದರ ಮೇಲೆ ಸರದಿಯಂತೆ ಕೂರತಕ್ಕದ್ದು. ನೂಕುನುಗ್ಗಲು ಸಲ್ಲದು.

೫. ರವಾನೆ ಅಕ್ಕ, ಮಗಳ ಚೊಚ್ಚಲ ಹೆರಿಗೆ ಮತ್ತು ಬಾಣಂತನಕ್ಕೆಂದು ಅರವತ್ತನಾಲ್ಕು ದಿನಗಳ ರಜೆ ಕೋರಿ ಇದೇ ನಮೂನೆ ತುಂಬಿದರು. 'ದಿನ' ಎಂಬ ಚೌಕ ಇಲ್ಲದ್ದರಿಂದ ಮೊದಲನೆಯದಕ್ಕೆ ಗುರುತು ಹಾಕಿದರು. ಅರವತ್ತನಾಲ್ಕು ಎಂಟಾಯಿತು, ಎಂಟು ಒಂದಾಯಿತು, ಒಂದು ಎಂಟರಲ್ಲಿ ಒಂದು ಭಾಗವಾಯಿತು. ಅಧೀಕ್ಷಕರು ಓದದೆಯೇ 'ನೋಡಲಾಗಿದೆ' ಎಂದು ಬರೆದರು. ಕಚೇರಿಯ ದಿನಕ್ಕೆ ಎಂಟು ಗಂಟೆಯಾದ್ದರಿಂದ ಒಂದು ಗಂಟೆಯ ರಜೆ ಮಂಜೂರಾಯಿತು. ಆಸ್ಪತ್ರೆಗೆ ಹೋಗಲು ಇಪ್ಪತ್ತು ನಿಮಿಷ, ಬರಲು ಇಪ್ಪತ್ತು ನಿಮಿಷ. ಅಕ್ಕ ಒಂದು ನಿಮಿಷವೂ ತಡಮಾಡದೆ ಹಿಂದಿರುಗಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತ ಹೇಳಿದ್ದು: "ನೋವು ತಿನ್ನೋಳ ಕೈ ಬಿಡಿಸ್ಕೊಂಡು ಬಂದೆ ಸಾರ್. ಹೆರಿಗೇನೂ ಎಂಟರಿಂದ ಭಾಗಿಸೋಕಾಗುತ್ತಾ?" ಈ ಪ್ರಶ್ನೆಗೆ ಉತ್ತರಿಸಲು ಉಪಸಮಿತಿ ರಚಿಸಲಾಗಿದೆ.

೬. ಅದೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅಳಿಯ ಕಳಿಸಿದ ಹೆಣ್ಣು ಕೂಸಿನ ಚಿತ್ರ ಅಕ್ಕನ ಪರದೆಯ ಮೇಲೆ ಬಂತು. ಚಿತ್ರ ಐದು ಮೆಗಾಬೈಟ್. ತಂತಿ ಸೆಕೆಂಡಿಗೆ ಹತ್ತು. ಹಿಡಿದ ಕಾಲ ಅರ್ಧ ಸೆಕೆಂಡು. ಅಕ್ಕ ಡಬ್ಬಿ ತೆರೆಯಲಿಲ್ಲ. "ಅರ್ಧ ಸೆಕೆಂಡಲ್ಲಿ ಕೂಸು ಇಲ್ಲಿಗೇ ಬಂತು," ಎಂದು ಪರದೆಗೇ ಹೇಳಿದರು. "ನಾನು ಅಲ್ಲಿಗೆ ಹೋಗೋದು ಯಾವಾಗ?" ಎದುರು ಮೇಜಿನಲ್ಲಿದ್ದ ಅಧೀಕ್ಷಕರು ಅಕ್ಕನ ಅರ್ಜಿಯನ್ನು ತೆಗೆದು ಮೊದಲ ಬಾರಿಗೆ ಓದಿದರೆಂಬುದನ್ನು ಈ ಮೂಲಕ ಅಧಿಕೃತವಾಗಿ ದಾಖಲಿಸಲಾಗಿದೆ.

೭. ಅಧೀಕ್ಷಕರು ತಾವೇ ಮೇಲ್ಮನವಿ ಬರೆದು, ಅಕ್ಕನ ಸಹಿ ಪಡೆದು, ಕಡತವನ್ನು ಮತ್ತೆ ಸ್ವೀಕೃತಿ ಮೇಜಿಗೆ ಇಳಿಸಿದರು. ತಪ್ಪನ್ನು ಸರಿಪಡಿಸಲು ಈ ಬಾರಿ ಎಂಟರಿಂದ ಗುಣಿಸಬೇಕೆಂದು ಸೂಚಿಸಲಾಗಿತ್ತು. ಮೇಜಿನಿಂದ ಮೇಜಿಗೆ ಎಂಟನೇ ಒಂದು ಭಾಗ ಒಂದಾಯಿತು, ಒಂದು ಎಂಟಾಯಿತು, ಎಂಟು ಅರವತ್ತನಾಲ್ಕಾಯಿತು. ಕಡತ ಅಧೀಕ್ಷಕರ ಮುಂದೆ ಬಂದಾಗ ಅಕ್ಕ ಕೇಳಿದ ಅಷ್ಟೂ ದಿನ ಅದರಲ್ಲಿ ಇದ್ದವು. ಅಧೀಕ್ಷಕರು ಲೆಕ್ಕ ಬಾರದವರಲ್ಲ. ಆದಾಗ್ಯೂ ಅವರು ಅದನ್ನು ಇನ್ನೊಮ್ಮೆ ಎಂಟರಿಂದ ಗುಣಿಸಿ, ಐನೂರ ಹನ್ನೆರಡು ದಿನ ಎಂದು ದುಂಡಗೆ ಬರೆದು ಮೊಹರು ಒತ್ತಿದ್ದಾರೆ. ಇದು ಕಣ್ತಪ್ಪೆಂದು ಭಾವಿಸುವವರು ಹಾಗೆಯೇ ಭಾವಿಸತಕ್ಕದ್ದು.

೮. ಆದ್ದರಿಂದ ಇನ್ನು ಮುಂದೆ ಬಿಟ್ಟನ್ನು ಬೈಟಿಗೆ ಒಂದೇ ಸಲ, ಒಂದೇ ಮೇಜಿನಲ್ಲಿ ಪರಿವರ್ತಿಸತಕ್ಕದ್ದು. ಮಿಕ್ಕ ಮೇಜುಗಳು ಕೈಕಟ್ಟಿ ನೋಡತಕ್ಕದ್ದು. ಐನೂರ ಹನ್ನೆರಡನ್ನು ಮಾತ್ರ ಯಾರೂ, ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ.

೯. ಅಕ್ಕ ರಜೆಯಲ್ಲಿರುವುದರಿಂದ ಈ ಸುತ್ತೋಲೆಯನ್ನು ರವಾನಿಸಬಲ್ಲವರು ಕಚೇರಿಯಲ್ಲಿ ಯಾರೂ ಇಲ್ಲ. ಐದು ದಿನ ಕಾದು ನೋಡಿದ ಮೇಲೆ, ಅಧೀಕ್ಷಕರೇ ಇದನ್ನು ಕೈಯಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ನಡೆದು ತಲುಪಿಸುತ್ತಾರೆ. ಅವರಿಗೆ ಮಂಡಿನೋವಿರುವುದರಿಂದ ವೇಗವನ್ನು ಯಾರೂ ಅಳೆಯಬಾರದೆಂದು ವಿನಂತಿ.

(ಸಹಿ)
ಅಧೀಕ್ಷಕರು, ಪರಿವರ್ತನಾ ಶಾಖೆ
(ಮೊಹರು ಒತ್ತಿಲ್ಲ. ಮೊಹರನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಗಿದೆ.)

ಪ್ರತಿಗಳು:
೧. ಮೂರೂ ಮೇಜುಗಳಿಗೆ: ಓದಿ, ಭಾಗಿಸದೆ ಹಿಂದಿರುಗಿಸಲು.
೨. ನಿರ್ದೇಶಕರಿಗೆ: ತಂತಿ ಬದುಕಿರುವ ಮಾಹಿತಿಗಾಗಿ. ಮೌನವನ್ನು ಹಿಂಪಡೆಯಲು ಅವಕಾಶವಿರುವುದಿಲ್ಲ.
೩. ಕೇಬಲ್‌ನವನಿಗೆ: ಕ್ಷಮೆಯೊಂದಿಗೆ. ಡಬ್ಬಿಯ ಮುಚ್ಚಳ ಅಧೀಕ್ಷಕರ ಬಳಿಯೇ ಉಳಿದಿದೆ, ಬಂದು ಪಡೆಯುವುದು.
೪. ರವಾನೆ ಅಕ್ಕನಿಗೆ: ಮನೆ ಬಾಗಿಲಲ್ಲಿ, ಖುದ್ದಾಗಿ. ಕೂಸು ಮಲಗಿದ್ದರೆ ಬಾಗಿಲು ತಟ್ಟದೆ ಹೊಸಿಲಲ್ಲಿಟ್ಟು ಬರುವುದು.
೫. ಕೂಸಿಗೆ: ಹುಟ್ಟಿದಾಗಿನ ತೂಕ ಮೂರು ಕಿಲೋ ಇನ್ನೂರು ಗ್ರಾಂ ಎಂದು ಅಜ್ಜಿ ತಿಳಿಸಿದ್ದಾರೆ. ಅಜ್ಜಿಯ ಮಾತನ್ನು ಯಾವುದೇ ಪರಿಶೀಲನೆಯಿಲ್ಲದೆ ನಂಬಲಾಗಿದೆ.