ಮಾವನ ಅರಿಶಿನದ ಕಾಗದ

ಕಿರುಬೆರಳ ಉಗುರಿನಷ್ಟು ಅಗಲ, ಬೆಂಕಿಕಡ್ಡಿಯಷ್ಟು ಉದ್ದ, ಬಣ್ಣ ಹಳದಿ. ಅಂಥ ಕಾಗದದ ಚೂರುಗಳ ಒಂದು ಕಟ್ಟು ನನ್ನ ಸೋದರಮಾವನ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿತ್ತು. ಶಿಡ್ಲಘಟ್ಟದ ಉಳಿದ ಗಂಡಸರು ಮನೆ ಬಿಡುವಾಗ ಜೇಬು ಮುಟ್ಟಿ ಬೀಗದ ಕೈ ಇದೆಯೇ ಎಂದು ನೋಡಿಕೊಂಡರೆ, ಮಾವ ಕಾಗದ ಇದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಬೀಗ ಹಾಕುವುದನ್ನೇ ಮರೆಯುತ್ತಿದ್ದರು!

ರಸಾಯನಶಾಸ್ತ್ರವನ್ನು ಅವರಷ್ಟು ಪ್ರೀತಿಸಿದವರು ನಮ್ಮ ತಾಲ್ಲೂಕಿನಲ್ಲಿ ಇರಲಿಲ್ಲ; ಆ ಶಾಸ್ತ್ರದಿಂದ ಅವರಷ್ಟು ಒದೆ ತಿಂದವರೂ ಇರಲಿಲ್ಲ. ಇಂಟರ್‌ಮೀಡಿಯೆಟ್ಟಿನಲ್ಲಿ ಥಿಯರಿಗೆ ಯಾವಾಗಲೂ ಒಳ್ಳೆಯ ಅಂಕ, ಪ್ರಾಕ್ಟಿಕಲ್‌ನಲ್ಲಿ ಯಾವಾಗಲೂ ಫೇಲು. ಯಾಕೆ ಎಂದು ಕೇಳಿದರೆ, "ಎಗ್ಸಾಮಿನರಿಗೂ ನನಗೂ ಅಭಿಪ್ರಾಯಭೇದ ಕಣಮ್ಮ" ಎನ್ನುತ್ತಿದ್ದರು. ಕ್ಷಾರಕ್ಕೆ ಆಮ್ಲವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ತಿರುಗಿದ ಕ್ಷಣ ನಿಲ್ಲಿಸಬೇಕು. ಇದರಲ್ಲಿ ಅಭಿಪ್ರಾಯಕ್ಕೆ ಎಲ್ಲಿದೆ ಜಾಗ? ಜಗಳಗಂಟತನ ಎಂದು ಮನೆಯವರು ತೀರ್ಮಾನಿಸಿದರು. ಮಾವ ತಾಲ್ಲೂಕು ಕಚೇರಿಯ ಗುಮಾಸ್ತರಾದರು; ರಸಾಯನಶಾಸ್ತ್ರವನ್ನು ಮನೆಗೇ ತಂದುಕೊಂಡರು.

ಲಿಟ್ಮಸ್ ಬೆಂಗಳೂರಿನಿಂದ ಬರಬೇಕು, ಅರಿಶಿನ ಅಡುಗೆಮನೆಯಲ್ಲೇ ಇದೆ. ಮಸಿ ಹೀರುವ ಕಾಗದವನ್ನು ಅರಿಶಿನದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ ಕತ್ತರಿಸಿದರೆ ಪ್ರಯೋಗಶಾಲೆ ಸಿದ್ಧ. ಕ್ಷಾರ ತಾಕಿದರೆ ಅದು ಕೆಂಪಾಗುತ್ತದೆ. ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಸೋಪಿನ ನೀರು, ಬೂದಿಯ ನೀರು, ರೇಷ್ಮೆಗೂಡು ಬೇಯಿಸುವ ನೀರು, ಯಾವುದನ್ನು ಬಿಟ್ಟರು? ಅದ್ದಿದ ಮೇಲೆ ಕಾಗದವನ್ನು ನಮ್ಮ ಮುಂದೆ ಹಿಡಿದು, ಹುಬ್ಬು ಏರಿಸಿ, "ಎಲ್ಲಿ, ಯಾವ ಬಣ್ಣ ಹೇಳು ನೋಡಣ" ಎನ್ನುವರು. ಉತ್ತರಕ್ಕೆ ಒಂದು ಪೆಪ್ಪರ್‌ಮಿಂಟ್. ಒಮ್ಮೆ ಅಕ್ಕ ಕೀಟಲೆಗೆ, ಕೆಂಪಗಾದ ಕಾಗದ ನೋಡಿ "ಹಳದಿ" ಎಂದಳು. ಅವಳಿಗೂ ಪೆಪ್ಪರ್‌ಮಿಂಟ್ ಸಿಕ್ಕಿತು, ಸೋಪಿನ ನೀರಿಗೆ ಶುದ್ಧಜಲವೆಂಬ ಸರ್ಟಿಫಿಕೇಟೂ ಸಿಕ್ಕಿತು! ಮಾವನೂ ತಮಾಷೆಗೆ ಸೇರಿಕೊಂಡರೆಂದು ನಾವು ನಕ್ಕೆವು.

ಕೈವಾರಕ್ಕೆ ಹೊರಟಿದ್ದಾಗ ಚಿಂತಾಮಣಿಯ ಹೋಟೆಲಿನಲ್ಲಿ ಇಡ್ಲಿ ಹೂವಿನಂತೆ ಅರಳಿ ಬಂತು. ನಾನು ಕೈಯಿಡುವ ಮೊದಲೇ ಮಾವ ಅದಕ್ಕೆ ಕಾಗದ ಒತ್ತಿ, ಬಣ್ಣ ಕೇಳಿದರು. ಅಪರಿಚಿತರ ಎದುರು ಬಾಯಿ ತೆರೆಯುವುದೆಂದರೆ ನನಗೆ ಪ್ರಾಣಸಂಕಟ. ಕೆಂಪು ಎಂದು ಪಿಸುಗುಟ್ಟಿದೆ. ಮಾವ ಮಾಲೀಕನನ್ನು ಕರೆದು, ಸೋಡ ಹೆಚ್ಚಾಗಿದೆ ಎಂದು ಇಡೀ ಹೋಟೆಲಿಗೆ ಕೇಳುವಂತೆ ತೀರ್ಪು ಕೊಟ್ಟರು. ಆತ ಕೈಮುಗಿದ: "ಇನ್ನೆರಡು ಇಡ್ಲಿ ತಿನ್ನಿ ಸ್ವಾಮಿ, ದುಡ್ಡು ಬೇಡ. ಆ ಕಾಗದ ಮಾತ್ರ ಒಳಗಿಡಿ."

ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ.ಗೆ ಸೇರಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಮಾವ. ರಜಕ್ಕೆ ಬಂದವಳು ಹೊಸ ಸಿದ್ಧಾಂತ ಹೇಳಿದೆ. ಪ್ರೋಟಾನ್ ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ. ನೀರು ಮಾತ್ರ, ಪಕ್ಕದಲ್ಲಿರುವವರನ್ನು ನೋಡಿಕೊಂಡು ಅದೂ ಆಗುತ್ತದೆ, ಇದೂ ಆಗುತ್ತದೆ. ಮಾವ ಅಡುಗೆಮನೆಯತ್ತ ಕಣ್ಣು ಹಾಯಿಸಿದರು.

"ನಿಮ್ಮತ್ತೆ ಥರ ಅನ್ನು. ನನ್ನ ಹತ್ರ ಒಂದು, ನಿಮ್ಮಮ್ಮನ ಹತ್ರ ಒಂದು."

ಒಳಗಿನಿಂದ ಅತ್ತೆ ಪಾತ್ರೆ ಕುಕ್ಕಿದ ಸದ್ದಿನಿಂದ, ಆ ಕ್ಷಣ ಅವರು ಯಾವುದಾಗಿದ್ದರೆಂದು ಕಾಗದವಿಲ್ಲದೆಯೇ ತಿಳಿಯಿತು!

ಅದೇ ರಜದಲ್ಲಿ ಅಕ್ಕನ ನಿಶ್ಚಿತಾರ್ಥ. ಗೌರಿಬಿದನೂರಿನಿಂದ ಗಂಡಿನವರು ಬರುವವರಿದ್ದರು. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡಲು ಅಮ್ಮ ಹೊರಟರೆ ಮಾವ ತಟ್ಟೆ ಕಸಿದುಕೊಂಡರು. "ಇದು ಕೆಮಿಸ್ಟ್ರಿ ಕಣಕ್ಕ, ನಂಗೆ ಬಿಡು." ಅಳೆದು ಅರಿಶಿನ ಹಾಕಿದರು, ಅಳೆದು ಸುಣ್ಣ ಹಾಕಿದರು. ಬಣ್ಣ ಹೇಳು ಬಾ ಎಂದು ನನ್ನನ್ನು ಕೂಗಿದ್ದೂ ಕೇಳಿಸಿತು. ನಾನು ಅಕ್ಕನಿಗೆ ಜಡೆ ಹಾಕುತ್ತಿದ್ದೆ. ಈ ಹೊತ್ತಿನಲ್ಲೂ ಪರೀಕ್ಷೆಯೇ ಎಂದುಕೊಂಡು ಹೋಗಲಿಲ್ಲ.

ಗಂಡಿನವರು ಬಾಗಿಲಿಗೆ ಬಂದರು. ಮಾವ ತಟ್ಟೆ ಹಿಡಿದು ಹೊರಬಂದರು. ನೀರು ಹಳದಿಯಾಗಿಯೇ ಇತ್ತು. ಸುಣ್ಣ ಹಳೆಯದು, ಗಾಳಿಗೆ ತೆರೆದಿಟ್ಟು ಕಸುವು ಕಳೆದುಕೊಂಡಿತ್ತು.

ಹುಡುಗನ ಅಜ್ಜಿ ಎತ್ತಿದ ಕಾಲನ್ನು ಹಿಂದಕ್ಕಿಟ್ಟರು. "ಇದೇಮಿಟಮ್ಮಾ, ಪಸುಪು ನೀಳ್ಳಾ?" ಅರಿಶಿನದ ನೀರಿನಲ್ಲಿ ಆರತಿ ಎತ್ತಿದರೆ ನಾನು ಒಳಗೆ ಬರುವವಳಲ್ಲ ಎಂದು ತೆಲುಗಿನಲ್ಲೇ ಮುಂದುವರಿಸಿದರು. ಹುಡುಗ ನೆಲ ನೋಡಿದ. ಅಮ್ಮನ ಮುಖ ಬಿಳಿಚಿತು. ಬಾಗಿಲಲ್ಲೇ ಅಪಶಕುನವೆಂದು ಅವರು ಹಿಂದಿರುಗಿದರೆ?

ಮಾವ ತಟ್ಟೆಯನ್ನು ನನ್ನ ಕಡೆ ತಿರುಗಿಸಿದರು.

"ಯಾವ ಬಣ್ಣ ಹೇಳಮ್ಮ."

ಹುಬ್ಬು ಎಂದಿನಂತೆ ಏರಿತ್ತು. ತಟ್ಟೆ ಮಾತ್ರ ನಡುಗುತ್ತಿತ್ತು. ಪರೀಕ್ಷೆ ಮಾಡುವವರ ಕೈ ಯಾಕೆ ನಡುಗಬೇಕು? ಅಷ್ಟು ವರ್ಷ ಅವರು ನಮ್ಮನ್ನು ಪರೀಕ್ಷಿಸಿರಲಿಲ್ಲ, ಗೊತ್ತಿಲ್ಲದ್ದನ್ನು ಕೇಳುತ್ತಿದ್ದರು. ಕೆಂಪೂ ಹಳದಿಯೂ ಅವರ ಕಣ್ಣಿಗೆ ಒಂದೇ.

ಅಷ್ಟು ಜನರ ಎದುರು ನಾನು ಗಟ್ಟಿಯಾಗಿಯೇ ಹೇಳಿದೆ: "ಹಳದಿ, ಮಾವ. ಹೊಸ ಸುಣ್ಣ ಬೇಕು."

ಮಾವ ಚೇತರಿಸಿಕೊಂಡರು. ಅಜ್ಜಿಯ ಸೊಂಟದಲ್ಲಿದ್ದ ಎಲೆಅಡಿಕೆ ಚೀಲದತ್ತ ತಿರುಗಿ, ಅಷ್ಟೇ ಗಂಭೀರವಾಗಿ, "ಅಮ್ಮಾ, ಗಂಡಿನ ಮನೆ ಸುಣ್ಣ ಬೀಳಲಿ ಅಂತ ಕಾಯ್ತಿದೀವಿ" ಎಂದರು. ಅಜ್ಜಿ ಅನುಮಾನದಿಂದಲೇ ಬೆರಳ ತುದಿಯಲ್ಲಿ ಸುಣ್ಣ ತೆಗೆದು ನೀರಿನಲ್ಲಿ ಕದಡಿದರು. ತಟ್ಟೆ ಇಡೀ ರಕ್ತಗೆಂಪಾಯಿತು! ತಮ್ಮ ಬೆರಳಿನ ಮಹಿಮೆಗೆ ಅಜ್ಜಿಯೇ ಬೆರಗಾಗಿ, ನಗುತ್ತಾ ಬಲಗಾಲಿಟ್ಟು ಒಳಗೆ ಬಂದರು. ಊಟದ ತನಕ ಕಂಡವರಿಗೆಲ್ಲ ಬೆರಳು ತೋರಿಸಿದರು.

ನಾನು ಯಾರಿಗೂ ಏನನ್ನೂ ಹೇಳಲಿಲ್ಲ. ಮಾವ ಫೇಲಾಗುತ್ತಿದ್ದ ಆ ಪ್ರಾಕ್ಟಿಕಲ್‌ಗಳ ನೆನಪಾಯಿತು. ಎದುರಿಗೆ ಗಾಜಿನ ಪಾತ್ರೆ, ಬಣ್ಣ ಹೇಳಲು ಪಕ್ಕದಲ್ಲಿ ಒಂದು ಮಗುವೂ ಇಲ್ಲ. ಮಾವ ಕೊಡುವವರು, ನಾನು ಪೆಪ್ಪರ್‌ಮಿಂಟ್ ತೆಗೆದುಕೊಳ್ಳುವವಳು ಎಂದು ತಿಳಿದಿದ್ದೆನಲ್ಲ!

ಮರುದಿನ ಬೆಳಿಗ್ಗೆ ಮಾವ ಬಟ್ಟೆ ಒಗೆಯುವ ಕಲ್ಲಿನ ಬಳಿ ಕೂತಿದ್ದರು. ಸೋಪಿನ ನೀರಿನಲ್ಲಿ ಅದ್ದಿದ ಕಾಗದ ಕೈಯಲ್ಲಿತ್ತು. ನನ್ನನ್ನು ಕಂಡರೂ ಏನೂ ಕೇಳಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಪಾಠ ಒಪ್ಪಿಸುವವಳಂತೆ, "ಕೆಂಪು, ಮಾವ. ಸರೀನಾ?" ಎಂದು ಕೇಳಿ, ಪೆಪ್ಪರ್‌ಮಿಂಟಿಗೆ ಕೈ ಚಾಚಿದೆ.