ಗೋವಿಂದರಾಯರ ನರ್ಗಿಸ್

ಕಲಬುರ್ಗಿಯ ದೊಡ್ಡ ಸಾಹೇಬರಿಗೆ ಹೂವೆಂದರೆ ಪ್ರಾಣ ಎಂಬ ಸುದ್ದಿಯನ್ನು ಜೇವರ್ಗಿಯ ಕಚೇರಿಗೆ ತಂದವನು ಜವಾನ ಗೌಸಮೊಹಿದ್ದೀನ. ಗುಮಾಸ್ತ ಗೋವಿಂದರಾಯರ ತಲೆ ಕೆಟ್ಟದ್ದು ಅವತ್ತೇ.

ರಾಯರ ಹೆಂಡತಿ ಪ್ರಮಿಲಾ ಆಳಂದದಲ್ಲಿ ಮಾಸ್ತರಿಣಿ. ಇತ್ತ ರಾಯರು ಖಾನಾವಳಿಯ ತಿಳಿಸಾರು ಕುಡಿದು ಹಪ್ಪಳದಂತಾಗಿದ್ದರು. ಆಳಂದಕ್ಕೆ ವರ್ಗ ಬೇಡಿ ಹಾಕಿದ ಅರ್ಜಿಗಳು ಹೋದ ದಾರಿಯಲ್ಲಿ ಹುಲ್ಲು ಬೆಳೆದಿತ್ತು. ಸಂಕ್ರಾಂತಿ ಮುಗಿದ ಮೇಲೆ ಸಾಹೇಬರು ತಪಾಸಣೆಗೆ ಬರುತ್ತಾರೆಂದು ತಿಳಿದದ್ದೇ, ಹೈದರಾಬಾದಿನಿಂದ ಈರುಳ್ಳಿಯಂಥ ನರ್ಗಿಸ್ ಗಡ್ಡೆ ತರಿಸಿ ಕಚೇರಿಯ ಮುಂದಿನ ಕುಂಡಗಳಲ್ಲಿ ಊರಿದರು. ಥಂಡಿಗೆ ಅರಳುವ ಹೂವು. ಕಚೇರಿಯವರೆಲ್ಲ ದಿನಾ ಬಂದು, ರಾಯರ ಉಳ್ಳಾಗಡ್ಡಿ ಬೆಳೆ ಹೇಗಿದೆಯೆಂದು ವಿಚಾರಿಸಿ ಹೋಗುತ್ತಿದ್ದರು.

ಎಲೆ ಬಂತು, ಮೊಗ್ಗೂ ಬಂತು. ಆದರೆ ಸಾಹೇಬರು ಬರುವ ದಿನ ಬೆಳಿಗ್ಗೆಯೂ ಮೊಗ್ಗುಗಳು ಮುನಿದ ಸೊಸೆಯಂತೆ ಬಾಯಿ ಬಿಡಲಿಲ್ಲ. ಒಬ್ಬರು ಕಂದೀಲು ಹಚ್ಚಿಡಲು ಹೇಳಿದರು, ಇನ್ನೊಬ್ಬರು ಕಂಬಳಿ ಹೊದಿಸಲು ಹೇಳಿದರು. ರಾಯರು ದಾಡಿ ಮಾಡಿಸಿಕೊಂಡು ಬರುವಷ್ಟರಲ್ಲಿ ಗೌಸಮೊಹಿದ್ದೀನ ಕುದಿಯುವ ನೀರು ಹೊಯ್ದು ನಿಂತಿದ್ದ. ಮೊಗ್ಗುಗಳು ಬೇಯಿಸಿದ ಪಾಲಕಿನಂತೆ ಕುಂಡದಂಚಿಗೆ ಜೋತುಬಿದ್ದಿದ್ದವು.

"ಥಂಡಿಗಿ ಮುಚ್ಕೊಂಡಿದ್ವು, ಜರಾ ಶಾಖಾ ಕೊಟ್ಟೇನ್ರಿ," ಎಂದ.

ರಾಯರು ಕಟ್ಟೆಯ ಮೇಲೆ ಕುಸಿದರು. ಗಾಬರಿಯಾದ ಗೌಸಮೊಹಿದ್ದೀನ ಕಚೇರಿಯ ಹಿಂದಿನ ಮನೆಗೆ ಓಡಿ ಸುಲ್ತಾನಬಿಯನ್ನು ಕರೆತಂದ. ಮದುಮಕ್ಕಳ ಮುಖದ ಮೇಲೆ ಇಳಿಬೀಳುವ ಕಾಗದದ ಹೂವಿನ ಸೆಹರಾ ಕಟ್ಟುವ ಮುದುಕಿ ಆಕೆ. ಬಿಳಿ ಕಾಗದ ಕತ್ತರಿಸಿ, ನಡುವೆ ಅರಿಶಿನ ಬಣ್ಣದ ಬಟ್ಟಲು ಅಂಟಿಸಿ, ಕಡ್ಡಿಗೆ ಸಿಕ್ಕಿಸಿ ಕುಂಡಗಳಲ್ಲಿ ನಿಲ್ಲಿಸಿಯೇಬಿಟ್ಟಳು. ವಾಸನೆಗೆಂದು ಗೌಸಮೊಹಿದ್ದೀನ ತನ್ನ ಅತ್ತರಿನ ಸೀಸೆಯನ್ನೇ ಬಗ್ಗಿಸಿದ.

ಜೀಪು ಬಂತು. ದಪ್ಪ ಕನ್ನಡಕದ ಸಾಹೇಬರು ಇಳಿದವರೇ ಹೂವು ಕಂಡು ಮಗುವಾದರು. ಮೂಸಿದರು, ಕಣ್ಣು ಮುಚ್ಚಿದರು. ಆಮೇಲೆ ಯಾರೂ ತಡೆಯುವ ಮೊದಲೇ ಅಲ್ಲಿದ್ದ ತಂಬಿಗೆ ಎತ್ತಿ ಪ್ರೀತಿಯಿಂದ ಹೂವಿನ ಮೇಲೇ ನೀರು ಸುರಿದರು.

ಹೂವು ಮುದುಡಿತು. ಅರಿಶಿನ ಬಣ್ಣ ದಂಟಿನಗುಂಟ ಇಳಿಯಿತು. ಸಾಹೇಬರ ಮುಖ ಸಣ್ಣದಾಯಿತು.

"ಏನಾತ್ರಿ ಇದಕ್ಕ?"

ಗೋವಿಂದರಾಯರ ನಾಲಿಗೆ ಅವರನ್ನು ಕೇಳದೇ ಓಡಿತು. "ಭಾಳ ನಾಜೂಕ ಹೂವರಿ ಸಾಹೇಬ್ರ. ನನ್ನ ಕೈ ನೀರ ಬಿಟ್ಟು ಬ್ಯಾರೆಯವ್ರದು ಹಿಡಸಂಗಿಲ್ರಿ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಕಣ್ಣಂಚು ಒದ್ದೆಯಾಗಿತ್ತು. ಅತ್ತರಿನ ಘಾಟಿಗೂ ಇರಬಹುದು.

"ರಾಯರ, ನಿಮ್ಮನ್ನ ಆಳಂದಕ್ಕ ಹಾಕಬೇಕಂತ ಠರಾಯಿಸೇ ಬಂದಿದ್ದೆ," ಎಂದರು. "ಈಗ ಹ್ಯಾಂಗ ಕಳಸ್ಲಿ? ನೀವು ಹೋದ್ರ ಇವಕ್ಕ ನೀರು ಯಾರು ಹಾಕಬೇಕು?"

ಹೂವು ಕಾಗದದ್ದೆಂದರೆ ನೌಕರಿ ಹೋಗುತ್ತಿತ್ತು, ಅಲ್ಲವೆಂದರೆ ಆಳಂದ ಕೈತಪ್ಪುತ್ತಿತ್ತು. ಗೋವಿಂದರಾಯರು ಸಾಹೇಬರ ಕೈಯಿಂದ ತಂಬಿಗೆ ಇಸಿದುಕೊಂಡರು. ಜೀಪು ತಿರುವಿನಲ್ಲಿ ಮರೆಯಾಗುವ ತನಕ ಖಾಲಿ ತಂಬಿಗೆಯನ್ನು ಕುಂಡದ ಮೇಲೆ ಬಗ್ಗಿಸಿಕೊಂಡು ನಿಂತೇ ಇದ್ದರು.